ಫರಸಿ ಹೊರುವ ಕತ್ತೆಗೆ ಒಂದು ಪರವಾನಗಿ

ಶಹಾಬಾದಿನ ಪ್ರಿಂಟಿಂಗ್ ಅಂಗಡಿಯವರು ನನ್ನ ಹಳದಿ ಕುರ್ತಾವನ್ನು ಮಡಚಿ ವಾಪಸ್ ಕೊಟ್ಟದ್ದು ಒಂದು ಶನಿವಾರ. ಡೈರಿಯಲ್ಲಿ ಅದು ‘ದಿನ ಒಂದು’. ಕುರ್ತಾದ ಬೆನ್ನಿಗೆ ನಾನು ಬರೆದ ಕತ್ತೆಯ ಚಿತ್ರ ಹಾಕಿಸಲೆಂದು ಸೇಡಂನಿಂದ ರೈಲು ಹತ್ತಿ ಹೋಗಿದ್ದೆ.

“ಚಿತ್ರ ಯಾರು ತಗದಾರ್ರಿ?” ಎಂದು ಅಂಗಡಿಯವರು ಕೇಳಿದರು.

“ನಾನೇ ತಗದೀನ್ರಿ.”

“ಮತ್ತ ಕತ್ತಿ ಯಾರ್ದು?”

ಕತ್ತೆ ನನ್ನದಲ್ಲ. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಒಂದು ಮಕ್ಕಳ ಮಾಸಪತ್ರಿಕೆಯಲ್ಲಿ ಪ್ರತಿ ತಿಂಗಳು ಒಂದು ಪುಟದ ಚಿತ್ರಕಥೆ ಬರುತ್ತಿತ್ತು. ಬೆನ್ನ ಮೇಲೆ ನೆಲಕ್ಕೆ ಹಾಸುವ ಫರಸಿ ಕಲ್ಲು ಹೊತ್ತು ಗಣಿಯಿಂದ ಸ್ಟೇಷನ್ನಿಗೆ ಹೋಗುವ ಕತ್ತೆ, ದಾರಿಯುದ್ದಕ್ಕೂ ಮಾಲೀಕನಿಗೆ ಎದುರುತ್ತರ ಕೊಡುತ್ತಿತ್ತು. ಮೂವತ್ತೊಂದು ಸಂಚಿಕೆಗಳಾದ ಮೇಲೆ ಪತ್ರಿಕೆ ನಿಂತಿತು, ಕತ್ತೆ ನನ್ನ ಕೈಯಲ್ಲಿ ಉಳಿಯಿತು. ಅದನ್ನು ನೋಡಿಯೇ ಚಿತ್ರ ಕಲಿತೆ. ಆವತ್ತಿನವರೆಗೆ ನಾನು ಬರೆದ ಕತ್ತೆಗಳು ನಾಲ್ಕುನೂರ ಹನ್ನೆರಡು. ಮೊಬೈಲಿನಲ್ಲಿ ಇಂಥದ್ದಕ್ಕೆ ಫ್ಯಾನ್ ಆರ್ಟ್ ಎನ್ನುತ್ತಾರೆ. ಪಾತ್ರ ಇನ್ನೊಬ್ಬರದು, ಗೆರೆ ನಮ್ಮದು.

“ಹೋದ ವರ್ಷ ಒಬ್ಬ ಹೀರೋನ ಫೋಟೋ ಟೀಶರ್ಟಿಗೆ ಹೊಡದ ಕೊಟ್ಟು ನೋಟಿಸ್ ತಿಂದೀನ್ರಿ,” ಎಂದರು ಅಂಗಡಿಯವರು. “ಈಗ ನಮ್ಮಪ್ಪನ ಫೋಟೋ ತಂದ್ರೂ ಅಪ್ಪನ ಸಹಿ ಕೇಳ್ತೀನಿ.”

“ನಾ ಹಾಕ್ಕೊಳ್ಳಾಕರಿ, ಮಾರಾಕಲ್ಲ.”

“ಅದನ್ನ ಕತ್ತಿ ಮಾಲೀಕರ ಮುಂದ ಹೇಳ್ರಿ. ಅವರ ಕಾಗದ ತರ್ರಿ, ಐದು ಮಿನಿಟಿನಾಗ ಹೊಡದ ಕೊಡ್ತೀನಿ.”

ವಾಪಸ್ ಬರುವಾಗ ವಾಡಿಯಲ್ಲಿ ರೈಲು ಬಹಳ ಹೊತ್ತು ನಿಂತಿತು. ಕುರ್ತಾದ ಚಿಂತೆ ಅಲ್ಲಿಗೆ ಮುಗಿದು, ಬೇರೆಯೇ ಚಿಂತೆ ಶುರುವಾಗಿತ್ತು. ಆ ಕತ್ತೆಯನ್ನು ಹುಟ್ಟಿಸಿದವರು ‘ಬೇಡ, ಇದು ಕಳವು’ ಎಂದುಬಿಟ್ಟರೆ? ಆಮೇಲೆ ನಾಲ್ಕುನೂರ ಹದಿಮೂರನೆಯದನ್ನು ಬರೆಯಲು ನನ್ನ ಕೈ ಏಳುತ್ತಿರಲಿಲ್ಲ. ಕೇಳದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆದರೆ ಕೇಳಬೇಕೆಂದು ಗೊತ್ತಾದ ಮೇಲೆ ಕೇಳದೆ ಇರುವುದು ಹೇಗೆ?

ಹಳೆಯ ಸಂಚಿಕೆಗಳನ್ನು ತೆಗೆದು ನೋಡಿದೆ. ಕೊನೆಯ ಪುಟದಲ್ಲಿ ‘ಚಿತ್ರಗಳ ಹಕ್ಕು ಚಿತ್ರಕಾರರದ್ದೇ’ ಎಂದು ಸಣ್ಣ ಅಕ್ಷರದಲ್ಲಿತ್ತು. ಅಲ್ಲೇ ಕೊಟ್ಟಿದ್ದ ವಿಳಾಸದ ಪ್ರಕಾರ ಚಿತ್ರಕಾರರು ಚಿತ್ತಾಪುರದ ಡ್ರಾಯಿಂಗ್ ಮಾಸ್ತರರು. ಅಲ್ಲಿರುವ ನನ್ನ ಗೆಳತಿಯನ್ನು ಕೇಳಿದೆ. ಮಾಸ್ತರರು ರಿಟೈರ್ ಆಗಿದ್ದಾರೆ, ಊರಲ್ಲೇ ಇದ್ದಾರೆ, ಭಾನುವಾರ ಮನೆಯಲ್ಲಿ ಸಿಗುತ್ತಾರೆ ಎಂದಳು.

ಬರಿಗೈಯಲ್ಲಿ ಹೋಗಬಾರದೆಂದು ‘ದಿನ ನಾಲ್ಕ’ರಂದು ಒಂದು ಜಾಣತನ ಮಾಡಿದೆ. ನಮ್ಮ ಕಡೆ ಯಾವುದೇ ಮಾತು ಬಾಂಡ್ ಪೇಪರಿನ ಮೇಲೆ ಬರದಿದ್ದರೆ ಅದು ಮಾತೇ ಅಲ್ಲ. ಒಪ್ಪಿಗೆ ಪತ್ರ ಬರೆಸಲು ತಹಸೀಲ್ ಕಚೇರಿಯ ಎದುರು ಕೂರುವ ಬಾಂಡ್ ರೈಟರ್ ಹತ್ತಿರ ಹೋದೆ. ಅವರು ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಅಮ್ಮಾ, ಮೂವತ್ತು ವರ್ಷದಾಗ ಹೊಲ ಬರದೀನಿ, ಪ್ಲಾಟ್ ಬರದೀನಿ, ಎಮ್ಮಿನೂ ಬರದೀನಿ. ಚಿತ್ರದ ಕತ್ತಿ ಇದೇ ಮೊದಲು. ಚಿಂತಿ ಮಾಡಬ್ಯಾಡ, ಪಕ್ಕಾ ಮಾಡಿ ಕೊಡ್ತೀನಿ.”

ಪಕ್ಕಾ ಮಾಡಿಯೇ ಕೊಟ್ಟರು. ಹೊಲದ ಪತ್ರದಲ್ಲಿ ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿ ಕೂಡ ಇತ್ತು. ಪೂರ್ವಕ್ಕೆ ಕತ್ತೆಯ ಮೂತಿ, ಪಶ್ಚಿಮಕ್ಕೆ ಬಾಲ, ಉತ್ತರಕ್ಕೆ ಎರಡು ಕಿವಿ, ದಕ್ಷಿಣಕ್ಕೆ ನಾಲ್ಕು ಗೊರಸು. ಅದನ್ನು ಓದಿ ನಗು ತಡೆಯಲಾಗದೆ ಅಲ್ಲಿಗೇ ಮಡಚಿ ಚೀಲಕ್ಕೆ ಹಾಕಿಕೊಂಡೆ. ಮುಂದಿನ ಸಾಲುಗಳನ್ನು ಓದಲಿಲ್ಲ.

‘ದಿನ ಒಂಬತ್ತು’, ಭಾನುವಾರ. ಮಾಸ್ತರರ ಮನೆಯಲ್ಲಿ ಅವರ ಹೆಂಡತಿ ಬಾಗಿಲು ತೆಗೆದರು. ಬಂದ ಕಾರಣ ಹೇಳಿದ ಕೂಡಲೇ ಒಳಗೆ ತಿರುಗಿ ಕೂಗಿದರು: “ರೀ, ನಿಮ್ಮ ಕತ್ತಿಗಿ ವರ ಬಂದದ, ಹೊರಗ ಬರ್ರಿ!” ಆಮೇಲೆ ನನ್ನ ಕೈಯಲ್ಲಿದ್ದ ಬಾಂಡ್ ನೋಡಿ, “ಅಯ್ಯ, ನನ್ನ ಲಗ್ನಕ್ಕೂ ಇಷ್ಟು ಕಾಗದ ಆಗಿರಲಿಲ್ಲ ಬಿಡವ್ವ. ಕುಂದ್ರು,” ಎಂದರು.

ಮಾಸ್ತರರು ಕನ್ನಡಕ ಹಾಕಿಕೊಂಡು ಓದತೊಡಗಿದರು. ಚಕ್ಕುಬಂದಿಯ ಹತ್ತಿರ ಅವರ ಮೀಸೆ ಸ್ವಲ್ಪ ಅಲುಗಾಡಿತು. ನನಗೆ ಧೈರ್ಯ ಬಂತು. ಆದರೆ ಕೆಳಗೆ ಹೋದಂತೆ ಮುಖ ಬಿಗಿಯಾಯಿತು. ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು: “ಇಂದಿನಿಂದ ಸದರಿ ಕತ್ತೆಯ ಮೇಲೆ ನನಗಾಗಲಿ, ನನ್ನ ವಾರಸುದಾರರಿಗಾಗಲಿ ಯಾವುದೇ ಹಕ್ಕು ಇರುವುದಿಲ್ಲ.” ಕಾಗದ ಕೆಳಗಿಟ್ಟು ನನ್ನನ್ನು ನೋಡಿದರು.

“ತಂಗಿ, ನೀ ಕೇಳಾಕ ಬಂದೀಯೋ, ಒಯ್ಯಾಕ ಬಂದೀಯೋ?”

ಬಾಂಡ್ ರೈಟರ್ ತಮಗೆ ಬರುವ ಒಂದೇ ನಮೂನೆಯಲ್ಲಿ ಬರೆದಿದ್ದರು, ಖರೀದಿ ಪತ್ರದ ನಮೂನೆ. “ಸರ್, ನಾ ಪೂರಾ ಓದಿಲ್ರಿ. ಮೂತಿ, ಬಾಲದ ತನಕ ಅಷ್ಟೇ ಓದೀನ್ರಿ,” ಎಂದೆ.

ಮಾಸ್ತರರು ನಗಲಿಲ್ಲ. “ಹಿಂದಕ ಒಬ್ಬರು ನೋಟ್‌ಬುಕ್ ರಟ್ಟಿನ ಮ್ಯಾಲ ಈ ಕತ್ತಿ ಹಾಕಿದ್ರು. ಕೇಳಲಿಲ್ಲ, ಹೇಳಲಿಲ್ಲ. ನಾ ಒಂದಿನ ಬೋರ್ಡಿನ ಮ್ಯಾಲ ಕತ್ತಿ ತಗದ್ರ, ಹುಡುಗುರು ‘ಸರ್, ನೋಟ್‌ಬುಕ್ ನೋಡಿ ಕಾಪಿ ಹೊಡದ್ರು’ ಅಂದ್ವು. ಅವತ್ತ ಬಿಟ್ಟೆ. ಮತ್ತ ತಗದಿಲ್ಲ.”

ನನ್ನ ಚಿತ್ರದ ವಹಿಯನ್ನು ಅವರ ಮುಂದಿಟ್ಟೆ. ಮಾಸ್ತರರು ನಿಧಾನವಾಗಿ ಪುಟ ತಿರುಗಿಸಿದರು. ಒಂದು ಕಡೆ ಬೆರಳು ನಿಂತಿತು.

“ಇಲ್ಲಿ ಫರಸಿ ಐದು ಹೇರೀಯಲ್ಲ? ನನ್ನ ಕತ್ತಿ ನಾಲ್ಕರ ಮ್ಯಾಲ ಒಂದು ಹೊರಲ್ಲ. ಐದನೇದು ಇಟ್ರ ಅದು ನನ್ನ ಕತ್ತೀನೇ ಅಲ್ಲ.”

“ಒಮ್ಮೆ ಹೊತ್ತದರಿ ಸರ್.”

“ಏನು?”

“ಮೂವತ್ತು ಸಂಚಿಕಿನಾಗ ನಾಲ್ಕು. ದೀಪಾವಳಿ ಸಂಚಿಕಿ ಒಂದರಾಗ ಐದು. ನಾ ಎಣಿಸೀನ್ರಿ.”

“ಸಾಧ್ಯನ ಇಲ್ಲ.”

“ಸಾಧ್ಯ ಇಲ್ಲಂದ್ರ ಟ್ರಂಕ್ ತಗೀರಿ,” ಎಂದು ಅವರ ಹೆಂಡತಿ ಎದ್ದೇಬಿಟ್ಟರು. “ಸಾಲ್ಯಾಗ ಎಲ್ಲಾರ ತಪ್ಪು ತಗದ್ರಿ. ಇವತ್ತ ನಿಮ್ಮದು ನೋಡೂಣು.”

ಟ್ರಂಕಿನ ಕೆಳಗಡೆ ದೀಪಾವಳಿ ಸಂಚಿಕೆ ಸಿಕ್ಕಿತು. ಮೂವರೂ ಬಗ್ಗಿ ಎಣಿಸಿದೆವು. ಐದು. ಮಾಸ್ತರರು ಬೆರಳನ್ನು ಕೊನೆಯ ಚೌಕಕ್ಕೆ ಸರಿಸಿದರು. ಅಲ್ಲಿ ಕತ್ತೆ ರಸ್ತೆಯ ನಡುವೆ ಕುಂತುಬಿಟ್ಟಿತ್ತು, ಮಾಲೀಕ ಐದನೇ ಫರಸಿಯನ್ನು ತನ್ನ ತಲೆಯ ಮೇಲೆ ಹೊತ್ತಿದ್ದ.

“ನೋಡು,” ಎಂದರು, “ಹೊರಲಿಲ್ಲ. ಕುಂತದ.” ಆಮೇಲೆ, “ಇದನ್ನ ನಾ ಮರತೇ ಬಿಟ್ಟಿದ್ದೆ. ನೀ ಇಟ್ಟುಕೊಂಡೀದಿ,” ಎಂದರು.

ನಾನು ಬಾಂಡನ್ನು ಹರಿಯಲು ಹೋದಾಗ ಮಾಸ್ತರರು ಕೈ ತಡೆದರು. ಬರೆದದ್ದರ ಮೇಲೆ ಅಡ್ಡ ಗೆರೆ ಎಳೆದು, ಒಂದು ಬಿಳಿ ಹಾಳೆಯ ಮೇಲೆ ತಾವೇ ಬರೆದರು: ‘ಕತ್ತೆ ನನ್ನದು. ಈ ಚಿತ್ರ ಇವಳದು. ತಾನು ತೊಡುವ ಒಂದು ಕುರ್ತಾದ ಮೇಲೆ ಹಾಕಿಸಿಕೊಳ್ಳಲು ನನ್ನ ಒಪ್ಪಿಗೆ ಇದೆ. ಮಾರುವಂತಿಲ್ಲ. ಫರಸಿ ನಾಲ್ಕೇ ಇರತಕ್ಕದ್ದು.’ ಕೆಳಗೆ ಸಹಿ. ನನಗೆ ಅದನ್ನು ಎರಡು ಸಲ ಪೂರ್ತಿ ಓದಿಸಿದರು.

ಅವರ ಹೆಂಡತಿ ನನ್ನ ವಹಿಯನ್ನು ಇನ್ನೂ ತಿರುಗಿಸುತ್ತಿದ್ದರು. “ರೀ, ಈ ಹಲ್ಲು ಕಿಸಿಲಿಕತ್ತ ಕತ್ತಿ ನನ್ನ ಸಂತಿ ಚೀಲದ ಮ್ಯಾಲ ಹಾಕಿಸ್ರಿ. ನಿಮ್ಮಂಗೇ ಅದ.”

“ಹಂಗ ಹಾಕಾಕ ಬರಲ್ಲ,” ಎಂದರು ಮಾಸ್ತರರು ಗಂಭೀರವಾಗಿ. “ಚಿತ್ರ ಆಕೀದು. ಆಕಿ ಪರ್ಮಿಷನ್ ಕೊಡಬೇಕು.” ಎಂದವರೇ ಇನ್ನೊಂದು ಬಿಳಿ ಹಾಳೆ ಮತ್ತು ತಮ್ಮ ಪೆನ್ನನ್ನು ನನ್ನ ಕಡೆಗೆ ಸರಿಸಿದರು.

ಅಂಥ ಕಾಗದ ನಾನು ಎಂದೂ ಬರೆದಿರಲಿಲ್ಲ. ‘ಒಂದು ಚೀಲಕ್ಕೆ’ ಎಂದು ಬರೆಯುವಷ್ಟರಲ್ಲಿ ಅವರ ಹೆಂಡತಿ ಬಗ್ಗಿ ನೋಡಿ, “ಎರಡು ಬರಿಯವ್ವ, ಒಂದು ಒಗದಾಗ ಇನ್ನೊಂದು ಬೇಕಲ್ಲ,” ಎಂದರು. ತಿದ್ದಿ ಎರಡು ಎಂದು ಬರೆದು ಸಹಿ ಹಾಕಿದೆ.