ಕಾಲರಿನೊಳಗಿನ ಕೂದಲು

ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ನಲ್ಲಿ ನಾನು ಕಾಲರ್ ಹೊಲಿಯುತ್ತಿದ್ದೆ. ಒಮ್ಮೆ ಮಾದರಿಗೆಂದು, ಯಾವುದೋ ಪುಟ್ಟ ದ್ವೀಪದೇಶದಲ್ಲಿ ಹೊಲಿದ ಅಂಗಿ ಬಂತು. ಹೊಲಿಗೆ ನೋಡಲು ಕಾಲರ್ ಬಿಚ್ಚಿದರೆ, ಒಳಗೆ ದಾರಕ್ಕೆ ಸಿಕ್ಕಿಕೊಂಡ ಗುಂಗುರು ಕೂದಲು.

"ಇದನ್ನ ಹೊಲ್ದೋಳು ಈಗೇನ್ ಮಾಡ್ತಾವ್ಳೆ ಸಾರ್?"

"ಅಂಗಿ ಕೊಳ್ಳೋ ದೇಶದೋರು ಅವರ ಮೇಲೆ ಸುಂಕ ಹಾಕಿದ್ರು, ಆರ್ಡರ್ ನಮಗ್ ಬಂತು. ನಿನಗ್ಯಾಕಮ್ಮ ಅದೆಲ್ಲ?" ಎಂದರು ಸೂಪರ್‌ವೈಸರ್.

ಸುಂಕ ಹಾಕುವ ಮುನ್ನ ಆ ಪುಟ್ಟ ದೇಶವನ್ನು ಒಂದು ಮಾತು ಕೇಳಬೇಕೆಂಬ ನಿಯಮ ಯಾರಿಗೂ ಬೇಡವಾಗಿತ್ತೇ? ಇವರ ವ್ಯಾಪಾರಕ್ಕಿಷ್ಟು ಬೆಂಕಿ ಬೀಳ ಎಂದು ಶಪಿಸುತ್ತಲೇ ಅವಳ ಕೆಲಸವನ್ನು ನಾನು ಮಾಡಿದೆ. ಆ ಕೂದಲು ಬೆರಳಿಗೆ ಸುತ್ತಿಕೊಂಡೇ ಇದೆ ಅನ್ನಿಸುತ್ತಿತ್ತು.

ಈಚೆಗೆ ನಮ್ಮ ಮೇಲೂ ಸುಂಕ ಬಿತ್ತು. ಆರ್ಡರ್ ಇನ್ನೊಂದು ದೇಶಕ್ಕೆ ಹೊರಟಿತು. ಅಲ್ಲಿಗೆ ಕಳಿಸುವ ಮಾದರಿ ಅಂಗಿಯನ್ನು ನನ್ನಿಂದಲೇ ಹೊಲಿಸಿದರು. ಕಾಲರ್ ಮುಚ್ಚುವ ಮುನ್ನ, ನನ್ನದೊಂದು ನರೆಗೂದಲು ಕಿತ್ತು ಒಳಗಿಟ್ಟೆ.