ಮೊದಲ ಏಟಿನ ಹಳದಿ ಗೆರೆ

ನಾನು ನಿಂತಿದ್ದದ್ದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ನಮ್ಮ ಲ್ಯಾಬಿನಲ್ಲಿ, ಬಾಗಿಲಿನಿಂದ ಎರಡನೇ ಮೇಜಿನ ಎಡಬದಿಗೆ. ಅದೊಂದು ಮಂಗಳವಾರ, ಬೆಳಿಗ್ಗೆ ಎಂಟೂ ಹತ್ತು. ಇವತ್ತು ಲೇಸರ್ ತಗುಲಿ ಸುಟ್ಟ ಉಕ್ಕಿನ ವಾಸನೆ ಬಂದಾಗ ಮತ್ತೆ ಅಲ್ಲೇ ನಿಂತಂತಾಯಿತು.

ನಮ್ಮ ಕೆಲಸ ಇಷ್ಟೇ. ಲೋಹಕ್ಕೆ ಲೇಸರಿನ ಒಂದು ಏಟು ಹೊಡೆದರೆ ಕಿಡಿ ಹಾರುತ್ತದೆ; ಆ ಬೆಳಕಿನ ಗೆರೆಗಳನ್ನು ನೋಡಿ ಯಾವ ಧಾತು ಎಷ್ಟಿದೆ ಎಂದು ಹೇಳುತ್ತೇವೆ. ಇದನ್ನು ನನಗೆ ಕಲಿಸಿದವರು ಧಾರವಾಡ ಕಡೆಯ ಹಿರಿಯರೊಬ್ಬರು. ನಾವು ಅವರನ್ನು ಸರ್ ಎನ್ನುತ್ತಿದ್ದೆವು. ದಿನದ ಕೆಲಸಕ್ಕೆ ಮೊದಲು, ಅಳತೆ ಗೊತ್ತಿರುವ ಒಂದು ಉಕ್ಕಿನ ಬಿಲ್ಲೆಗೆ ಹತ್ತು ಏಟು ಹೊಡೆದು ಯಂತ್ರವನ್ನು ಪರೀಕ್ಷಿಸುವುದು ಅವರ ಪದ್ಧತಿ. ಬಿಲ್ಲೆಯನ್ನು ಬರಿಗೈಯಲ್ಲೇ ಇಡುತ್ತಿದ್ದರು. ಹಾಗಾಗಿ, ಮೇಲಿನ ಕೊಳೆ ಸುಟ್ಟುಹೋಗುವ ಮೊದಲ ಏಟಿನಲ್ಲಿ ಮಾತ್ರ ಅವರ ಬೆವರಿನ ಉಪ್ಪಿನ ಸೋಡಿಯಂ ಹಳದಿ ಗೆರೆಯಾಗಿ ಪರದೆಯ ಮೇಲೆ ಎದ್ದು ಕಾಣುತ್ತಿತ್ತು.

“ಸರ್, ಮತ್ತೆ ನಿಮ್ಮ ಉಪ್ಪು!” ಎಂದು ರೇಗಿಸುತ್ತಿದ್ದೆ.

“ನನ್ನ ಹಾಜರಿ ಅದು, ತಮ್ಮಾ. ಇನ್ನ ಒಂಬತ್ತು ಹೊಡಿ. ಒಂದ ಏಟಿನ ಮಾತು ನಂಬಬ್ಯಾಡ.”

ಅವರು ತೀರಿಕೊಂಡ ಮೇಲೆ ಬಿಲ್ಲೆಯನ್ನು ಉಜ್ಜಿ, ತೊಳೆದು, ಡಬ್ಬಿಯಲ್ಲಿಟ್ಟೆವು. ಗವಸಿಲ್ಲದೆ ಯಾರೂ ಮುಟ್ಟಲಿಲ್ಲ. ಎರಡು ತಿಂಗಳು ಹಳದಿ ಗೆರೆ ಬರಲಿಲ್ಲ...

ಆ ಮಂಗಳವಾರ, ಗಾಲಿಕುರ್ಚಿಯನ್ನು ಬಸ್ಸಿಗೆ ಎತ್ತುವ ಲಿಫ್ಟಿಗೆ ಹಾಕುವ ಉಕ್ಕಿನ ಪಿನ್ನುಗಳ ವರದಿ ಕೊಡಬೇಕಿತ್ತು. ಹಿಂದಿನ ಸಂಜೆಯೇ ಅಳೆದಿದ್ದೆ, ಎಲ್ಲವೂ ಪಾಸಾಗಿದ್ದವು. ಬಿಲ್ಲೆಗೆ ಒಂದೇ ಏಟು ಹೊಡೆದು ಸಹಿ ಮಾಡುವವನಿದ್ದೆ. ಹೊಡೆದೆ. ಅಂಕಿ ಸರಿಯಿತ್ತು. ಅದರ ಪಕ್ಕದಲ್ಲಿ ಹಳದಿ ಗೆರೆ ಎದ್ದು ನಿಂತಿತ್ತು.

ಸಹೋದ್ಯೋಗಿ ಶುಭಾ ನನ್ನ ಹಿಂದೆಯೇ ಇದ್ದಳು.

“ನೀನು ಮುಟ್ಟಿದ್ಯಾ?”

“ಇಲ್ಲ. ಗ್ಲೌಸ್ ನೋಡು.”

ಅವಳು ಗವಸು ನೋಡಿದಳು, ಪರದೆ ನೋಡಿದಳು. ಆಮೇಲೆ ಮೆಲ್ಲಗೆ, “ಹಾಗಾದ್ರೆ ಇನ್ನ ಒಂಬತ್ತು ಹೊಡಿಯಪ್ಪಾ,” ಅಂದಳು.

ಹೊಡೆದೆ. ಎರಡನೇ ಏಟಿಗೆ ಹಳದಿ ಮಾಯವಾಯಿತು. ನಾಲ್ಕನೆಯದರಿಂದ ಯಂತ್ರ ಕ್ರೋಮಿಯಂ ಅನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸತೊಡಗಿತು. ದೋಷ ಸರಿಪಡಿಸಿ ಪಿನ್ನುಗಳನ್ನು ಮತ್ತೆ ಅಳೆದೆವು. ಅರ್ಧದಷ್ಟು ಪಿನ್ನುಗಳಲ್ಲಿ, ತುಕ್ಕು ತಡೆಯುವ ಕ್ರೋಮಿಯಂ ಸಾಲದು. ತುಕ್ಕು ತಿಂದು ಒಂದು ದಿನ ಯಾರದೋ ಕುರ್ಚಿಯ ಕೆಳಗೆ ಮುರಿಯುತ್ತಿದ್ದವು.

ಉಪ್ಪು ಎಲ್ಲಿಂದಲಾದರೂ ಬರಬಹುದು, ನನಗೆ ಗೊತ್ತು. ಬಂದ ದಾರಿ ಮಾತ್ರ ಇವತ್ತಿಗೂ ಸಿಕ್ಕಿಲ್ಲ. ಅಂದಿನಿಂದ ದಿನವೂ ಹತ್ತು ಏಟು ಹೊಡೆಯುತ್ತೇನೆ, ಮೊದಲನೆಯದನ್ನು ಉಸಿರು ಹಿಡಿದು ನೋಡುತ್ತೇನೆ. ಹಳದಿ ಗೆರೆಯ ಜಾಗ ಖಾಲಿ... ಇವತ್ತೂ ಖಾಲಿ.

ಆ ದಿನದ ಗೆರೆಯನ್ನು ಕಂಡ ಇನ್ನೊಬ್ಬಳು ಶುಭಾ. ಹತ್ತಿರದ ಫ್ರೀಮಾಂಟಿನಲ್ಲಿದ್ದಾಳೆ. ಕೇಳಿದರೆ ಇಷ್ಟನ್ನೇ ಹೇಳುತ್ತಾಳೆ.