ತಪ್ಪು ತಿದ್ದಲು ಗರಗಕ್ಕೆ

ನನ್ನ ಓದು ಬರಹ ಅಷ್ಟಕ್ಕಷ್ಟೆ. ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿಕೊಂಡು ಓದುತ್ತೇನೆ, ಸಹಿ ಮಾಡುತ್ತೇನೆ. ಅಂಥವಳ ಮನೆಯ ಪಡಸಾಲೆಯಲ್ಲಿ ದಿನಾ ಸಂಜೆ ಕಾಲೇಜು ಹುಡುಗಿಯರು ಕೂಡುತ್ತಾರೆ. ನನ್ನ ಮೊಮ್ಮಗಳು ಧಾರವಾಡದಲ್ಲಿ ಡಿಗ್ರಿಯ ಕೊನೆಯ ವರ್ಷ ಓದುತ್ತಾಳೆ. ಕೆಳಗಿನ ವರ್ಷದವರಿಗೆ ಮೇಲಿನವರೇ ಹೇಳಿಕೊಡಲಿ ಎಂದು ಕಾಲೇಜಿನಲ್ಲಿ ಗುಂಪು ಮಾಡಿದ್ದಾರೆ. ಸಂಖ್ಯಾಶಾಸ್ತ್ರದ ಗುಂಪು ಇವಳ ಪಾಲಿಗೆ ಬಂತು.

ಆ ಹುಡುಗಿಯರು ಇವಳನ್ನು ಅಕ್ಕ ಎನ್ನುತ್ತಾರೆ. "ತಿಳೀತೋ ಇಲ್ಲೋ?" ಎಂದು ಇವಳು ಕೇಳಿದರೆ ಸಾಕು, ಎಲ್ಲರೂ "ಹೂಂರಿ ಅಕ್ಕಾ" ಎಂದು ತಲೆ ಅಲ್ಲಾಡಿಸುತ್ತಿದ್ದರು. ತಿಳಿಯಲಿಲ್ಲ ಎಂದರೆ ಅಕ್ಕನಿಗೆ ಅವಮಾನ ಮಾಡಿದಂತೆ ಅವರಿಗೆ.

ಅವರಲ್ಲಿ ಗರಗ ಎಂಬ ಹಳ್ಳಿಯ ಹುಡುಗಿಯೊಬ್ಬಳಿದ್ದಳು, ಬಾಯಿ ಸತ್ತವಳು. ಅದೇ ವಿಷಯದಲ್ಲಿ ಒಮ್ಮೆ ಫೇಲಾಗಿದ್ದಳು. ಈ ಸಲವೂ ಹೋದರೆ ಕಾಲೇಜು ಬಂದ್ ಎಂದು ಅವಳಪ್ಪ ಹೇಳಿಬಿಟ್ಟಿದ್ದ.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಮೊಮ್ಮಗಳು ಪುಸ್ತಕ ಹಿಡಿದು ಒಲೆಯ ಮುಂದೆ ಬಂದು ನಿಂತಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಆಯಿ, ನಾ ಅವರಿಗೆ ತಪ್ಪು ಹೇಳಿಕೊಟ್ಟೇನಿ. ಕಳಿಯೋ ಕಡೆ ಕೂಡಸ್ರಿ ಅಂದೇನಿ. ಆ ಲೆಕ್ಕ ಪ್ರತಿ ಸಲ ಬರತೈತಿ."

"ಮತ್ತ ಫೋನ್ ಹಚ್ಚಿ ಹೇಳು. ಇಲ್ಲಿ ನಿಂತು ನಡುಗಿದ್ರ ಲೆಕ್ಕ ಸರಿ ಹೋಗತೈತೇನು?"

ಉಳಿದವರಿಗೆ ಹೇಳಿದಳು. ಗರಗದವಳಿಗೆ ಸ್ವಂತ ಫೋನಿಲ್ಲ, ಅಪ್ಪನ ಫೋನಿಗೇ ಹಚ್ಚಬೇಕು. ಅವನ ಕಿವಿಗೆ ಬಿದ್ದರೆ ಕಥೆ ಮುಗಿಯಿತು. ಹೆಣ್ಣುಮಕ್ಕಳ ಓದು ಬಿಡಿಸಲು ಎಷ್ಟು ಸಣ್ಣ ನೆಪ ಸಾಕು ಎಂದು ನನಗೆ ಗೊತ್ತು. ರೊಟ್ಟಿ ಅಲ್ಲಿಗೇ ಬಿಟ್ಟು ಅವಳ ಜೊತೆ ಬಸ್ ಹತ್ತಿದೆ. ಆ ಊರಿನಲ್ಲಿ ನಮ್ಮ ಬೀಗರಿದ್ದಾರೆ, ಹಾಗೇ ಬಂದೆವು ಎನ್ನಬೇಕು ಎಂದು ದಾರಿಯುದ್ದಕ್ಕೂ ಸುಳ್ಳು ಹೊಂದಿಸಿಕೊಂಡೆ.

ಹುಡುಗಿಯ ಅಪ್ಪ ಮನೆಯ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ.

"ಬರ್ರಿ ಯವ್ವಾ. ಏನ ಇಷ್ಟ ದೂರ ಬಂದ್ರಿ?"

ನಾನು ಬಾಯಿ ತೆರೆಯುವುದರೊಳಗೆ ಮೊಮ್ಮಗಳು ಹೇಳಿಯೇಬಿಟ್ಟಳು. "ಕಾಕಾ, ನಾ ಒಂದು ಲೆಕ್ಕ ತಪ್ಪು ಹೇಳಿಕೊಟ್ಟಿದ್ದೆ. ತಿದ್ದಾಕ ಬಂದೇನ್ರಿ."

ಅವನು ಅಗಿಯುವುದನ್ನು ನಿಲ್ಲಿಸಿದ. "ತಪ್ಪು ಕಲಿಯಾಕ ಇಕಿ ದಿನಾ ಧಾರವಾಡಕ್ಕ ಬಂದ್ಳೇನು?"

ಮಾತು ಕೇಳಿ ಒಳಗಿನಿಂದ ಹುಡುಗಿ ಬಾಗಿಲಿಗೆ ಬಂದು ನಿಂತಳು.

"ನನಗ ಅವತ್ತ ಗೊತ್ತಾಗಿತ್ರಿ ಅಕ್ಕಾ. ಪುಸ್ತಕದಾಗ ಕಳೀಬೇಕಂತ ಇತ್ತು."

"ಮತ್ಯಾಕ ಹೇಳ್ಲಿಲ್ಲ?"

"ನಿಮ್ಮ ಎದುರಿಗೆ ಹೆಂಗ ಹೇಳ್ಲಿ? ನಂದ ತಪ್ಪಿರಬೇಕಂತ ಕೂಡಸೋದನ್ನ ಬಾಯಿಪಾಠ ಮಾಡೇನಿ."

ಕೇಳಿ ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು. ಸರಿ ತಿಳಿದವಳು ಮರ್ಯಾದೆಗೆ ಅಂಜಿ ತಪ್ಪು ಬರೆದು ಬರುವವಳಿದ್ದಳು.

ಮೊಮ್ಮಗಳು ಕಟ್ಟೆಯ ಮೇಲೇ ಕೂತು ಲೆಕ್ಕ ಬಿಡಿಸಿದಳು. ನಡುವೆ ಇನ್ನೊಂದು ಕಡೆ ಬೇಕಂತಲೇ ತಪ್ಪು ಬರೆದಳಂತೆ. ಅದನ್ನು ನನಗೆ ಹೇಳಿದ್ದು ತಿರುಗಿ ಬರುವಾಗ. ಹಾಗೆ ಬರೆದು ಹುಡುಗಿಗೆ, "ಬರೋಬರಿ ಐತೋ ಇಲ್ಲೋ?" ಎಂದಳು.

ಹುಡುಗಿ ಹಾಳೆ ನೋಡಿದಳು, ಅಪ್ಪನನ್ನು ನೋಡಿದಳು. ಹೂಂ ಎಂದು ತಲೆ ಅಲ್ಲಾಡಿಸಲು ಹೊರಟವಳು ಅಲ್ಲಿಗೇ ನಿಂತಳು.

"ಇಲ್ರಿ ಅಕ್ಕಾ. ಇದು ತಪ್ಪೈತ್ರಿ."

"ಖರೇ ಏನ?" ಅಪ್ಪ ಕೇಳಿದ್ದು ನನ್ನ ಮೊಮ್ಮಗಳನ್ನು.

"ಖರೇರಿ ಕಾಕಾ. ಆಕಿ ಹೇಳಿದ್ದ ಸರಿ."

ಅವನು ಎದ್ದು ಹೋಗಿ ಅಡಿಕೆ ಉಗಿದು ಬಂದ. ಮಗಳಿಗೆ, "ಮುಂಜಾನಿ ಲಗೂ ಏಳು. ಬಸ್ಸಿಗೆ ನಾ ಬಿಡ್ತೇನಿ" ಎಂದ.

ಫಲಿತಾಂಶ ಬರುವ ತನಕ ನನಗೆ ಅನ್ನ ರುಚಿಸಲಿಲ್ಲ. ಗರಗದ ಹುಡುಗಿ ಪಾಸಾದಳು. ಅಂಕ ಹೆಚ್ಚೇನಿರಲಿಲ್ಲ. ಈಗಲೂ ಪಡಸಾಲೆಯಲ್ಲಿ ಹುಡುಗಿಯರು ಕೂಡುತ್ತಾರೆ. ತಿಳೀತೋ ಇಲ್ಲೋ ಎಂದು ಮೊಮ್ಮಗಳು ಕೇಳಿದ ಕೂಡಲೇ ಯಾವಳಾದರೂ ಹೂಂ ಎಂದರೆ ಒಳಗೆ ನನ್ನ ಎದೆ ಧಸಕ್ ಎನ್ನುತ್ತದೆ.